ಮಂಜುಗಡ್ಡೆಯ ಪಾಠ

ಸಾಂತಪ್ಪ ಮಾಸ್ಟ್ರು ಕಲಿತದ್ದು ಚರಿತ್ರೆ. ಭೌತಶಾಸ್ತ್ರದವರು ಬರುವ ತನಕ ಎಂದು ಕಡಬದ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರ ಕೈಗೆ ಆ ಪುಸ್ತಕ ಕೊಟ್ಟರು. ಬರಬೇಕಾದವರು ಇನ್ನೂ ದಾರಿಯಲ್ಲೇ ಇದ್ದರು. ಮಾಸ್ಟ್ರಿಗೆ ಅದರಿಂದ ಯಾವ ತೊಂದರೆಯೂ ಆಗಲಿಲ್ಲ. ಮೊಗಲರನ್ನು ಬಾಯಿಪಾಠ ಮಾಡಿಸಿದ ಹಾಗೆಯೇ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಉಷ್ಣವನ್ನೂ ಮಾಡಿಸಿದರು. "ಮಂಜುಗಡ್ಡೆಯು ಸ್ಪರ್ಶಕ್ಕೆ ಅತಿ ಶೀತಲವಾಗಿರುವುದು" ಎಂಬಲ್ಲಿ 'ಅತಿ' ಬಿಟ್ಟವನಿಗೆ ಒಂದು ಪೆಟ್ಟು, 'ತಣ್ಣಗೆ' ಎಂದವನಿಗೆ ಎರಡು. "ಪುಸ್ತಕ ಬರೆದವರು ಮುಟ್ಟಿ ನೋಡದೆ ಬರೀತಾರಾ? ನೀನೆಂತ ಅವರಿಗಿಂತ ದೊಡ್ಡ ಜನವಾ?" ಎಂದು ಬೆತ್ತ ಎತ್ತುವುದೇ ಅವರ ಮುಖ್ಯ ಪ್ರಯೋಗ. ಮಂಜುಗಡ್ಡೆಯ ಪಾತ್ರವನ್ನು ವರ್ಷವೂ ಒಂದು ತುಂಡು ಕರ್ಪೂರ ವಹಿಸುತ್ತಿತ್ತು. ಅದು ನೀರಿನಲ್ಲಿ ತೇಲುವಾಗ ತರಗತಿಗೆಲ್ಲ ದೇವಸ್ಥಾನದ ಪರಿಮಳ. ಕೊನೆಗೆ ಬಸ್ಸಿನ ಕಂಡಕ್ಟರ್ ಅಲಿ ಕುಂಞಿಗೇ ಕನಿಕರ ಹುಟ್ಟಿ, ಮಂಗಳೂರಿನಲ್ಲಿ ಮೀನಿನ ದೋಣಿಗಳು ನಿಲ್ಲುವ ಧಕ್ಕೆಯಿಂದ ಮರದ ಹುಡಿಯಲ್ಲಿ ಹೂತು ಒಂದು ಗಡ್ಡೆ ತಂದ. ಉಪ್ಪಿನಂಗಡಿಯಲ್ಲಿ ಅದು ತೆಂಗಿನಕಾಯಿಯಷ್ಟಿತ್ತಂತೆ. ನಮ್ಮಲ್ಲಿಗೆ ತಲುಪಿದ್ದು ಗೇರುಬೀಜದಷ್ಟು. ಮಾಸ್ಟ್ರು ಬೆತ್ತ ಹಿಡಿದು ದೂರ ನಿಂತು, ಅದನ್ನು ಮುಂದಿನ ಬೆಂಚಿನ ಸೇವಂತಿಯ ಅಂಗೈಗೆ ಹಾಕಿಸಿದರು. "ಹೇಗುಂಟು? ಹೇಳು." "ಸುಡ್ತದೆ ಸಾರ್!" ನಾವೆಲ್ಲ ಬೆತ್ತದ ಕಡೆ ನೋಡಿದೆವು. ಮಾಸ್ಟ್ರು ಮಾತ್ರ ಅವಳ ಮುಷ್ಟಿಯನ್ನೇ ನೋಡುತ್ತಿದ್ದರು. "ಸುಡ್ತದಾ? ಹೌದಾ? ನಂಗೂ ಸ್ವಲ್ಪ ಕೊಡು ಮಾರಾಯ್ತಿ" ಎಂದು ಬೆತ್ತ ಮೇಜಿನ ಮೇಲಿಟ್ಟು ಅಂಗೈ ಚಾಚಿದರು. ಅವಳು ಮುಷ್ಟಿ ಬಿಡಿಸುವಾಗ ಉಳಿದದ್ದು ಬರೀ ನೀರು. ಅದನ್ನೇ ಅವರ ಕೈಗೆ ಸುರಿದಳು. ಮಾಸ್ಟ್ರು ಕೈ ಒರೆಸಿಕೊಳ್ಳಲಿಲ್ಲ. ಹಾಗೆಯೇ ಸೀಮೆಸುಣ್ಣ ಹಿಡಿದು 'ಸ್ಪರ್ಶಕ್ಕೆ' ಎಂದು ಬರೆಯಲು ಹೋದರು; ಒದ್ದೆ ಸುಣ್ಣದಿಂದ ಹಲಗೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ.