ವಲ್ಲಿಯ ಕೆಳಗೆ ಕುದುರಿದ ಪದವಿ

ಭೌತಶಾಸ್ತ್ರದ ಪದವಿಗೆ ಎಷ್ಟು ಬೆಲೆ ಬರುತ್ತದೆ ಎಂದು ಈಗಿನ ಹುಡುಗರು ನನ್ನನ್ನು ಕೇಳುತ್ತಾರೆ. ನನಗೆ ಖಚಿತವಾಗಿ ಗೊತ್ತು. ನನ್ನದು ಒಂಬೈನೂರು ಹಾಲಿ ರೂಪಾಯಿಗೆ ಹೋಯಿತು. 

ಆಗ ನಿಜಾಮರ ಕಾಲ, ಹಾಲಿ ಎಂದರೆ ಅವರ ನಾಣ್ಯ. ಉದಗೀರದಲ್ಲಿ ನಮ್ಮಪ್ಪನದು ಕಾಳಿನ ಅಡತಿ ಅಂಗಡಿ. ರೈತರ ಮಾಲು ಮಾರಿಕೊಟ್ಟು ದಲಾಲಿ ತಿನ್ನುವ ಧಂದೆ. ಹೈದರಾಬಾದಿನಲ್ಲಿ ನಾಲ್ಕು ವರ್ಷ ಉರ್ದುವಿನಲ್ಲಿ ಭೌತಶಾಸ್ತ್ರ ಓದಿ, ಬಿ.ಎಸ್ಸಿ. ಕಾಗದ ಹಿಡಿದು ನಾನು ಮನೆಗೆ ಬಂದ ದಿನ ಅಪ್ಪ ಅದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ಅದನ್ನು ಸಣ್ಣ ತಕ್ಕಡಿಗೆ ಹಾಕಿದ.

"ಒಂದು ತೊಲಿ ಸೈತ ಇಲ್ಲ ನೋಡ್ರಪಾ," ಎಂದು ಹಮಾಲರ ಮುಂದೆ ನಕ್ಕ. "ಇದರ ಸಲುವಾಗಿ ನಾಕು ವರ್ಷದ ಕಡ್ಲಿ ಸುರದೀನಿ."

ಹಮಾಲರೂ ನಕ್ಕರು. ಆ ತಕ್ಕಡಿಯ ಒಂದು ತೋಳು ಇನ್ನೊಂದಕ್ಕಿಂತ ಉದ್ದವಿತ್ತು. ರೈತರು ತಂದ ಜೀರಿಗೆ, ಕೊತ್ತಂಬರಿಯನ್ನೆಲ್ಲ ಅದರಲ್ಲೇ ತೂಗುತ್ತಿದ್ದರು. ನಾಲ್ಕು ವರ್ಷ ಓದಿದವನಿಗೆ ಆ ಮೋಸ ಒಂದೇ ನೋಟಕ್ಕೆ ಕಂಡಿತು. ನಾನು ಬಾಯಿ ಬಿಡಲಿಲ್ಲ. ಅಪ್ಪನ ಅಂಗಡಿಯ ಅನ್ನ ಹೊಟ್ಟೆಯಲ್ಲಿತ್ತಲ್ಲ.

ನಿಲಂಗದ ಸರ್ಕಾರಿ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿತು. ಸಂಬಳ ನಲವತ್ತು ಎಂದೆ.

"ಮ್ಯಾಲಿನ ಗಳಿಕಿ?" ಎಂದ ಅಪ್ಪ.

"ಮಾಸ್ತರಗ ಎಲ್ಲಿ ಮ್ಯಾಲಿನ ಗಳಿಕಿ?"

"ಮತ್ತ ಇಷ್ಟೆಲ್ಲಾ ಕಲ್ತು ಏನು ಬಂತು? ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತ ಸುಮ್ನ ಅಂದಾರೇನು?"

ಅಂಗಡಿಯಲ್ಲಿ ಕುಸುಬಿ ಬಿಕರಿಯಾಗದಿದ್ದರೆ ಅಪ್ಪ ಅದನ್ನು ಬೇರೆ ಪೇಟೆಗೆ ಕಳಿಸುತ್ತಿದ್ದ. ನನ್ನನ್ನೂ ಹಾಗೆಯೇ ಹೊರಡಿಸಿದ. ಕಾಸಾರಶಿರಸಿಯ ಒಬ್ಬ ರೈತನ ಮಗಳ ಜಾತಕ ಬಂದಿತ್ತು. ಒಳ್ಳೆಯ ಹೊಲ, ಶಿವಭಕ್ತರ ಮನೆತನ. ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಹುಂಡಾ, ಅಂದರೆ ವರದಕ್ಷಿಣೆ, ತೆಗೆದುಕೊಂಡಿರಲಿಲ್ಲ. ಅಜ್ಜ ಇಲ್ಲ, ಅಪ್ಪನೂ ಇಲ್ಲ. ನನ್ನ ಪದವಿಯೇ ಆ ಹೊಲಸನ್ನು ಹೊಸ್ತಿಲೊಳಗೆ ತಂದದ್ದು.

ಮದುವೆಯ ಮಾತಿಗೆಂದು ಗಾಡಿಯಲ್ಲಿ ಹೋಗುವಾಗ ನಾನು ಅಪ್ಪನಿಗೆ ಹೇಳಿದೆ. "ನಾ ಒಂದು ಕವಡಿನೂ ಮುಟ್ಟಂಗಿಲ್ಲ. ಕೇಳಿದ್ರ ಎದ್ದು ಬರ್ತೀನಿ."

"ನೀ ಸುಮ್ನ ಕೂಡು. ಮಾರೋದು ನನ್ನ ಕೆಲಸ," ಎಂದ ಅಪ್ಪ.

ಹೆಣ್ಣಿನ ಮನೆಯ ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ವಿಭೂತಿ, ವೀಳ್ಯ, ಎಲ್ಲ ಆಯಿತು. ಆಮೇಲೆ ಅಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ತನ್ನ ಬಲಗೈ ಮೇಲೆ ಹೊದಿಸಿಕೊಂಡ.  ದನದ ಸಂತೆಯಲ್ಲಿ, ಕಾಳಿನ ಪೇಟೆಯಲ್ಲಿ ದರ ಕುದುರಿಸುವುದು ಹೀಗೆಯೇ. ಬಟ್ಟೆಯ ಕೆಳಗೆ ಕೈಗೆ ಕೈ ಕೊಟ್ಟು ಬೆರಳು ಹಿಡಿಯುತ್ತಾರೆ, ಸುತ್ತ ನಿಂತವರಿಗೆ ದರ ತಿಳಿಯಬಾರದೆಂದು. ಇಲ್ಲಿ ಒಂದು ಬೆರಳೆಂದರೆ ನೂರು. ಇಡೀ ಕೈ ಹಿಡಿದರೆ ಐದು ನೂರು, ಅದರ ಮೇಲೆ ಮತ್ತೆ ಒಂದೊಂದೇ ಬೆರಳು. ಹುಟ್ಟಿದಾಗಿನಿಂದ ಅಂಗಡಿಯಲ್ಲಿ ಬೆಳೆದ ನನಗೆ ಅಂಕಿಗಿಂತ ಮೊದಲು ಬಂದ ಲೆಕ್ಕ ಅದು.

ಹೆಣ್ಣಿನ ತಂದೆ ಒಂದು ಗಳಿಗೆ ಅಪ್ಪನ ಮುಖ ನೋಡಿದ. ಆಮೇಲೆ ವಲ್ಲಿಯ ಕೆಳಗೆ ಕೈ ಇಟ್ಟ. ಇಬ್ಬರೂ ನಗುತ್ತ ಮಳೆಯ ಮಾತಾಡಿದರು. ವಲ್ಲಿ ಮಾತ್ರ ಅಲುಗಾಡುತ್ತಿತ್ತು. ನಾನು ಕತ್ತು ಕೆಳಗೆ ಹಾಕಿ ಕೂತಿದ್ದೆ. ಏಳಬೇಕಿತ್ತು.

ಅಪ್ಪ ಗುಟ್ಟು ಮರೆತು ಕೈ ಎಳೆದುಕೊಂಡ. "ಆರು ನೂರು ಅಂದ್ರ ಹ್ಯಾಂಗ್ರಿ? ಉಮರ್ಗಾ ತಹಸೀಲ ಕಚೇರಿ ಕಾರಕೂನಗ ಎಂಟು ನೂರು ಕೊಟ್ಟಾರ. ಅಂವಾ ಮೆಟ್ರಿಕ್ ಸೈತ ನಪಾಸ!"

"ಅಂವಗ ಮ್ಯಾಲಿನ ಗಳಿಕಿ ಅದರೀ ಸಾವಕಾರ್ರ," ಎಂದ ಆತ, ಮೆತ್ತಗೆ. "ಮಾಸ್ತರಗ ಏನದ?"

ನನ್ನ ಕಿವಿ ಕಾದವು. ಲಂಚ ತಿನ್ನುವ ನಪಾಸು ಕಾರಕೂನ ಎಂಟು ನೂರು, ನಾನು ಆರು! ಗಾಡಿಯಲ್ಲಿ ಆಡಿದ ಮಾತು ಎತ್ತ ಹೋಯಿತೋ. ಮಾರಾಟಕ್ಕಿಟ್ಟಿದ್ದಾರೆ ಎಂಬ ಸಿಟ್ಟು ಹೋಗಿ, ಅಗ್ಗಕ್ಕೆ ಕೇಳುತ್ತಿದ್ದಾರೆ ಎಂಬ ಸಿಟ್ಟು ಬಂತು. ಇದಕ್ಕಿಂತ ಹೇಸಿಗೆಯ ಮನಸ್ಸನ್ನು ನಾನು ಬೇರೆ ಯಾರಲ್ಲೂ ಕಂಡಿಲ್ಲ.

ಮಾತು ಅಲ್ಲಿಗೇ ನಿಂತಿತು. ಆಗ ಹೆಣ್ಣಿನ ತಂದೆ ನನ್ನ ಕಡೆ ತಿರುಗಿದ.

"ನಾವು ಇಬ್ಬರೂ ಹೆಬ್ಬೆಟ್ಟಿನ ಮಂದಿ ಸಾವಕಾರ್ರ. ಹುಡುಗ ಸಾಲಿ ಕಲ್ತಾನ, ನ್ಯಾಯ ತಿಳೀತದ. ಅಂವನ ಕೈನೇ ಕೊಡ್ರಿ. ಅಂವಾ ಎಷ್ಟು ಹಿಡೀತಾನ ಅಷ್ಟು."

ಅಪ್ಪ ಹುಬ್ಬೇರಿಸಿ ವಲ್ಲಿಯನ್ನು ನನ್ನ ಕೈ ಮೇಲೆ ಹೊದಿಸಿದ. ಕೆಳಗೆ ಆತನ ಕೈ ಬಂತು. ಗುದ್ದಲಿ ಹಿಡಿದು ದಡ್ಡುಗಟ್ಟಿದ ಅಂಗೈ. ಅದನ್ನು ಸುಮ್ಮನೆ ಬಿಟ್ಟುಬಿಟ್ಟಿದ್ದರೆ ಏನೂ ಬೇಡ ಎಂದರ್ಥವಾಗುತ್ತಿತ್ತು. ಬಿಡಲೆಂದೇ ಆತ ನನ್ನನ್ನು ಕರೆದಿದ್ದ, ಅದು ನನಗೂ ತಿಳಿದಿತ್ತು. ನಾನು ಇಡೀ ಕೈ ಹಿಡಿದೆ. ಆಮೇಲೆ ಮೂರು ಬೆರಳು. ಕಾರಕೂನನ ಸಮ ಆಯಿತು. ಆತ ಕೈ ಹಿಂದೆಗೆಯಲು ನೋಡಿದ. ಎಳೆದುಕೊಳ್ಳುತ್ತಿದ್ದಾಗಲೇ ನಾಲ್ಕನೆಯ ಬೆರಳನ್ನೂ ಹಿಡಿದೆ.

"ಆಯ್ತಪಾ," ಎಂದ ಆತ. ಅಪ್ಪ ನನ್ನ ಬೆನ್ನು ತಟ್ಟಿದ. ನಾಲ್ಕು ವರ್ಷದಲ್ಲಿ ನನ್ನ ಓದಿಗೆ ಅಪ್ಪನಿಂದ ಸಿಕ್ಕ ಶಹಭಾಷ್ ಅದೊಂದೇ.

ಮದುವೆಗೆ ಮೊದಲು ಆತ ಬಾವಿಯ ಬದಿಯ ಹೊಲ ಮಾರಿದನೆಂದು ಕೇಳಿದೆ. ಹೆಂಡತಿ ಈ ಮಾತನ್ನು ಎಷ್ಟೋ ವರ್ಷ ಎತ್ತಲೇ ಇಲ್ಲ. ಮೊಮ್ಮಗ ಕಾಲೇಜು ಸೇರಿದ ದಿನ, ಅವನ ಓದಿನಿಂದ ಎಷ್ಟು ಬರುತ್ತದೆ ಎಂದು ಮನೆಮಂದಿ ಲೆಕ್ಕ ಹಾಕುತ್ತಿದ್ದಾಗ, ಆಕೆ ಸೊಪ್ಪು ಸೋಸುತ್ತ ನನಗಷ್ಟೇ ಕೇಳುವಂತೆ ಅಂದಳು:

"ಅವತ್ತು ನಮ್ಮಪ್ಪ ನಿಮ್ಮ ಕೈ ಬಿಡಿಸಿಕೊಂಡು ಒಳಗ ಬಂದ. ಬೂದಿ ಹಚ್ಚಿ ಮೂರು ಸಲ ಕೈ ತೊಳಕೊಂಡ. ಊಟ ಮಾಡಲಿಲ್ಲ."

ನಾನು ಆ ದಿನ ಅವರ ಪಡಸಾಲೆಯಲ್ಲಿ ಅದೇ ಕೈಯಿಂದ ನಾಲ್ಕು ಹೋಳಿಗೆ ಉಂಡಿದ್ದೆ.