ನಾಗರಾಜ್ ಎದ್ದು ಬಂದ ಹತ್ತೊಂಬತ್ತು ದಿನ

1998ರಲ್ಲಿ ನಾನು ಶಿವಮೊಗ್ಗದ ಕೋಟೆ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಫಿಜಿಶಿಯನ್ ಆಗಿದ್ದೆ. ಜುಲೈನಲ್ಲಿ ಭದ್ರಾವತಿಯ ಜನ್ನಾಪುರದಿಂದ ಸುಜಾತ ಎಂಬುವರು ಗಂಡ ನಾಗರಾಜ್ ಅವರನ್ನು ಕರೆತಂದರು. ನಾಗರಾಜ್ ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್. ಸಂಜೆ ಬಡಾವಣೆಯ ಹುಡುಗಿಯರಿಗೆ ಖೋ ಖೋ ಕಲಿಸುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಸ್ಕೂಟರಿನಿಂದ ಬಿದ್ದು ಆರು ದಿನ ಪ್ರಜ್ಞೆ ಇರಲಿಲ್ಲ. ಆಮೇಲೆ ನಡೆದುಕೊಂಡೇ ಮನೆಗೆ ಬಂದಿದ್ದರು. ಆದರೆ ಅಂದಿನಿಂದ ತಾವಾಗಿ ಏನನ್ನೂ ಮಾಡುತ್ತಿರಲಿಲ್ಲ.

ಕೈಕಾಲಿನ ಶಕ್ತಿ ಸರಿಯಿತ್ತು. ಕೇಳಿದ್ದಕ್ಕೆ ತಡವಾಗಿ ಒಂದೊಂದು ಪದದ ಉತ್ತರ ಕೊಟ್ಟರು. ಕೆನ್ನೆಯ ಮೇಲೆ ನೊಣ ಕೂತರೂ ಓಡಿಸಲಿಲ್ಲ.

“ಬೇಕೂಂತ ಮಾಡ್ತಾನೆ ಸರ್, ಕೆಲ್ಸ ತಪ್ಪಿಸ್ಕೊಳ್ಳೋಕೆ” ಎಂದರು ಜೊತೆಗೆ ಬಂದಿದ್ದ ನಾಗರಾಜ್ ಅವರ ಅಣ್ಣ.

ಸುಜಾತ ತಲೆ ತಗ್ಗಿಸಿ ಹೇಳಿದರು: “ಮೊನ್ನೆ ಮಗಳು ಬಚ್ಚಲಲ್ಲಿ ಜಾರಿ ಬಿದ್ಲು ಸರ್. ಅಪ್ಪಾ ಅಂತ ಕೂಗ್ತಾನೇ ಇದ್ಲು. ಇವ್ರು ಬಾಗಿಲಲ್ಲೇ ಕೂತು ನೋಡ್ತಿದ್ರು. ಎದ್ದೇಳಲಿಲ್ಲ.”

ಮಂಗಳೂರಿನಲ್ಲಿದ್ದ ನರರೋಗ ತಜ್ಞ ಸಹಪಾಠಿಗೆ ಫೋನ್ ಮಾಡಿದೆ. ಅವನು ಹೇಳಿದ್ದನ್ನು ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ. ಡೋಪಮೈನ್ ಎಂಬ ರಾಸಾಯನಿಕ ಮೆದುಳಿನ ತಳಭಾಗದಲ್ಲಿ ಹುಟ್ಟಿ, ಉದ್ದನೆಯ ನರತಂತುಗಳ ಮೂಲಕ ಹಣೆಯ ಹಿಂದಿನ ಭಾಗವನ್ನು ತಲುಪುತ್ತದೆ. ಏಳಬೇಕು, ಮಾತಾಡಬೇಕು ಎಂಬ ಪ್ರೇರಣೆಗೆ ಅದು ಬೇಕು. ತಲೆಗೆ ಜೋರಾದ ಪೆಟ್ಟು ಬಿದ್ದಾಗ ಆ ತಂತುಗಳು ಹರಿದುಹೋಗಬಹುದು. ಆಗ ಮನುಷ್ಯನಿಗೆ ಎಲ್ಲ ಕಾಣಿಸುತ್ತದೆ, ಅರ್ಥವಾಗುತ್ತದೆ. ಎದ್ದು ಹೋಗಲು ಮಾತ್ರ ಆಗುವುದಿಲ್ಲ. ಡೋಪಮೈನ್‌ನಂತೆ ಕೆಲಸ ಮಾಡುವ ಬ್ರೊಮೊಕ್ರಿಪ್ಟಿನ್ ಮಾತ್ರೆ ಕೊಟ್ಟು ನೋಡು ಎಂದ.

ಪ್ರಮಾಣವನ್ನು ನಿಧಾನವಾಗಿ ಏರಿಸಿದೆ. ಮೂರನೆಯ ವಾರ ನಾಗರಾಜ್ ಯಾರೂ ಹೇಳದೆಯೇ ಚಪ್ಪಲಿ ಮೆಟ್ಟಿಕೊಂಡು ಮೈದಾನಕ್ಕೆ ಹೋದರು. ಮುಂದಿನ ಭೇಟಿಯಲ್ಲಿ ನನ್ನೆದುರು ಅತ್ತರು. “ಅವತ್ತು ಮಗು ಕೂಗಿದ್ದು ಕೇಳಿಸ್ತು ಸರ್. ಏಳ್ಬೇಕು ಅಂತ ಗೊತ್ತಿತ್ತು. ಆದ್ರೆ ಒಳಗಿಂದ ಬರ್ಲೇ ಇಲ್ಲ.” ಅಣ್ಣ ಎದ್ದು ಹೊರಗೆ ಹೋದರು.

ಹತ್ತೊಂಬತ್ತು ದಿನ ಹೀಗಿತ್ತು. ಆಮೇಲೆ ಅಂಗಳದಲ್ಲಿ ಯಾರೋ ನಿಂತಿದ್ದಾರೆ ಎಂದು ಹೆದರತೊಡಗಿದರು. ಎದ್ದು ನಿಂತರೆ ರಕ್ತದೊತ್ತಡ ಕುಸಿಯುತ್ತಿತ್ತು. ಒಮ್ಮೆ ಮೈದಾನದಲ್ಲೇ ಬಿದ್ದು ತಲೆಗೆ ಮತ್ತೆ ಪೆಟ್ಟಾಯಿತು. ಪ್ರಮಾಣ ಇಳಿಸಿದರೆ ಮೌನ, ಏರಿಸಿದರೆ ಭ್ರಮೆ. ಬೇರೆ ಔಷಧಿಯೂ ಹಿಡಿಸಲಿಲ್ಲ. ನಿಲ್ಲಿಸದೆ ದಾರಿ ಇರಲಿಲ್ಲ.

“ನಿಲ್ಸಿದ್ರೆ ಮತ್ತೆ ಹಾಗೇ ಆಗ್ತೀನಾ ಸರ್?” ಎಂದು ನಾಗರಾಜ್ ಕೇಳಿದರು.

ಆಗುತ್ತದೆ ಎಂದು ನನಗೆ ಹೆಚ್ಚುಕಡಿಮೆ ಖಚಿತವಿತ್ತು. “ನೋಡೋಣ” ಎಂದೆ.

ಎರಡೇ ವಾರದಲ್ಲಿ ಅವರ ಮಾತು ನಿಂತಿತು. ಸುಜಾತ ಒಬ್ಬರೇ ಬಂದರು. “ಇನ್ನೊಂದೇ ಒಂದು ದಿನಕ್ಕೆ ಆ ಮಾತ್ರೆ ಕೊಡಿ ಸರ್. ಮಗಳ ಹತ್ರ ಮಾತಾಡಿಸಿಬಿಡ್ತೀನಿ. ಅವತ್ತು ಯಾಕೆ ಬರ್ಲಿಲ್ಲ ಅಂತ ಅವ್ರ ಬಾಯಿಂದ್ಲೇ ಅವಳು ಕೇಳ್ಲಿ.”

ಅದು ಒಂದು ದಿನದಲ್ಲಿ ಕೆಲಸ ಮಾಡುವ ಮಾತ್ರೆಯಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು ಭದ್ರಾವತಿ ಬಸ್ಸಿಗೆ ಹೋದರು.

ಮೆದುಳನ್ನು ಸರಿಪಡಿಸುವುದು ನನ್ನ ಕೈಯಲ್ಲಿರಲಿಲ್ಲ. ಆದರೆ ನಾಗರಾಜ್‌ಗೆ ನಿಜ ಹೇಳುವುದು ನನ್ನ ಕೈಯಲ್ಲಿತ್ತು. ಹೇಳಿದ್ದರೆ ಮಾತು ನಿಲ್ಲುವ ಮೊದಲು ಅವರೇ ಮಗಳನ್ನು ಪಕ್ಕ ಕೂರಿಸಿಕೊಂಡು, ಅವತ್ತು ಯಾಕೆ ಏಳಲಿಲ್ಲ ಎಂದು ಹೇಳುತ್ತಿದ್ದರು. ಆಮೇಲೆ ಎಂದೂ ರೋಗಿ ನೇರವಾಗಿ ಕೇಳಿದ ಪ್ರಶ್ನೆಗೆ ‘ನೋಡೋಣ’ ಎಂದು ನಾನು ಉತ್ತರಿಸಿಲ್ಲ. ನಾನು ಅದನ್ನು ಕಲಿಯುವಷ್ಟರಲ್ಲಿ ಒಂದು ಮಗುವಿಗೆ ಅವಳ ಅಪ್ಪ ಕೊಡಬಹುದಾಗಿದ್ದ ಉತ್ತರ ಕಳೆದುಹೋಗಿತ್ತು.