ಪೈಪಿನ ತುದಿಯಲ್ಲಿ ನಿಲ್ಲುತ್ತಿದ್ದವಳು

ಗೋಡೆಯಾಚೆ ಗಡಗಡಗಡ ಎಂದು ಸದ್ದೆದ್ದು, ಒಂದು ಉಸಿರಿನಷ್ಟು ಹೊತ್ತು ಕಿವಿ ತುಂಬಿ, ಥಟ್ಟನೆ ನಿಂತಿತು. ಒಂದು ನಟ್ಟು ಕಳಚಿತು. ಮತ್ತೆ ಅದೇ ಸದ್ದು, ಇನ್ನೊಂದು ನಟ್ಟು. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ತೂಕದಕ್ಕನ ಚಾಕು ಪ್ರತಿ ಸದ್ದಿಗೂ ಅರೆಗಳಿಗೆ ತಡೆದು ಮುಂದುವರಿಯುತ್ತಿತ್ತು. ಅವಳಿಗೆ ಅರಿವಿಲ್ಲದೆಯೇ ಬಲಗಾಲಿನ ಹೆಬ್ಬೆರಳು ನೆಲವನ್ನು ಒತ್ತುತ್ತಿತ್ತು.

ಗೋಡೆಯಾಚೆ ಇದ್ದದ್ದು ಅವಳ ಗಂಡನ ಟೈರ್ ಅಂಗಡಿ. ಹೋದ ವರ್ಷದವರೆಗೆ ಅವಳು ಅದನ್ನು ‘ನಮ್ಮ ಅಂಗಡಿ’ ಎನ್ನುತ್ತಿದ್ದಳು.

ಲಾರಿಯ ಚಕ್ರದ ನಟ್ಟು ಸುಲಭಕ್ಕೆ ಬಗ್ಗುವ ಜಾತಿಯದಲ್ಲ. ಬಿಸಿಲು, ಕೆಸರು, ತುಕ್ಕು ಎಲ್ಲ ಕುಡಿದು ಕಚ್ಚಿ ಕೂತಿರುತ್ತದೆ. ಗಂಡ ಅದಕ್ಕೆ ಪಾನ, ಅಂದರೆ ಸ್ಪ್ಯಾನರು, ಸಿಕ್ಕಿಸಿ, ಪಾನದ ಹಿಡಿಗೆ ಉದ್ದನೆಯ ಕಬ್ಬಿಣದ ಪೈಪು ತೂರಿಸಿ, ಜಾರದಂತೆ ಹೆಗಲು ಕೊಟ್ಟು ಕೂರುತ್ತಿದ್ದ. ಇವಳು ಲಾರಿಯ ಮೈಮೇಲೆ ಒಂದು ಕೈ ಊರಿ ಪೈಪಿನ ತುದಿಯನ್ನು ಹತ್ತಿ ನಿಲ್ಲುತ್ತಿದ್ದಳು. ನಟ್ಟು ಸೋಲುವುದು ಮೊದಲು ತಿಳಿಯುತ್ತಿದ್ದದ್ದು ಅವಳ ಅಂಗಾಲಿಗೆ. ‘ಬಂತು’ ಎಂದು ಮೆಲ್ಲಗೆ ಅನ್ನುತ್ತಿದ್ದಳು. ಆಮೇಲೆ ಲಟಕ್ ಎನ್ನುತ್ತಿತ್ತು.

ತೂಕದಕ್ಕ ಎಂದು ಹೆಸರಿಟ್ಟವರು ಡ್ರೈವರುಗಳು. ಶುರುವಿನಲ್ಲಿ ಅದು ಗೇಲಿಯೇ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. “ತೂಕ ಇದ್ದವರಿಗೇ ಕಣ್ರಪ್ಪ ಬೆಲೆ. ಖಾಲಿ ಲಾರಿಗೆ ಯಾರು ಬಾಡಿಗೆ ಕೊಡ್ತಾರೆ?” ಎಂದುಬಿಟ್ಟಳು. ಆಮೇಲೆ ಆ ಹೆಸರಿನಲ್ಲಿ ಗೇಲಿ ಉಳಿಯಲಿಲ್ಲ. ಊಟಕ್ಕೆ ಕೂತಾಗ ಗಂಡ ಅವಳ ತಟ್ಟೆಗೆ ಇನ್ನೊಂದು ಸೌಟು ಸುರಿದು, ನಾಳೆ ಲೋಡ್ ಗಾಡಿ ಬಂದರೆ ನನ್ನ ಮರ್ಯಾದೆ ಇರೋದು ಈ ತಟ್ಟೆಯಲ್ಲೇ ಎನ್ನುತ್ತಿದ್ದ.

ಮಂಡಿ ನೋವು ಬಂದಮೇಲೆ ಸಂಜೆ ಎಣ್ಣೆ ತಿಕ್ಕಿಕೊಳ್ಳುತ್ತಾ ಗೊಣಗುವುದು ಅವಳಿಗೆ ರೂಢಿಯಾಯಿತು. “ಇನ್ನು ನನ್ನ ಕೈಲಾಗಲ್ಲ ರೀ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.” ಅವನ ಉತ್ತರವೂ ರೂಢಿಯದೇ: “ಇಷ್ಟು ತೂಕದವಳನ್ನ ಇನ್ನೆಲ್ಲಿ ಹುಡುಕಲಿ?” ಆ ಉತ್ತರಕ್ಕಾಗಿಯೇ ಅವಳು ಗೊಣಗುತ್ತಿದ್ದಳು. ಬಾಯಿಬಿಟ್ಟು ಮುದ್ದಿನ ಮಾತಾಡಿ ಗೊತ್ತಿಲ್ಲದ ಆ ಮನೆಯಲ್ಲಿ ಇದ್ದ ಮುದ್ದಿನ ಮಾತು ಅದೊಂದೇ.

ಒಂದು ಸಂಜೆ ಅವಳು ಎಂದಿನಂತೆ ತನ್ನ ಪಾಲಿನ ಮಾತು ಹೇಳಿದಳು. ಅವನು ಅವಳ ಊದಿದ ಮಂಡಿಯನ್ನು ನೋಡುತ್ತಾ ಸುಮ್ಮನೆ ಕೂತ. ಉತ್ತರ ಬರಲಿಲ್ಲ.

ಮರುದಿನವೇ ನಟ್ಟು ಬಿಚ್ಚುವ ಬ್ಯಾಟರಿ ಗನ್ನು ಬಂತು. ವೈರಿಲ್ಲ, ಗಾಳಿ ಪೈಪಿಲ್ಲ; ಹೆಗಲಿಗೆ ಒತ್ತಿಕೊಂಡು ಟ್ರಿಗರ್ ಎಳೆದರೆ ಸಾಕು, ಒಳಗಿನ ಸುತ್ತಿಗೆ ಏಟಿನ ಮೇಲೆ ಏಟು ಕೊಟ್ಟು ನಟ್ಟನ್ನು ತಿರುಗಿಸುತ್ತದೆ. ಎರಡು ಬ್ಯಾಟರಿ, ಚಾರ್ಜರು ಸೇರಿ ಒಂದು ಹಳೆಯ ಬೈಕಿನ ಬೆಲೆ. ತಂದುಕೊಟ್ಟ ಅಂಗಡಿಯವನು ಅದರ ಬಲ ಎಷ್ಟೆಂದು ಅಂಕಿಯಲ್ಲಿ ಹೇಳಿ, ಯಾರಿಗೂ ತಿಳಿಯಲಿಲ್ಲವೆಂದು ಕಂಡು ಬಿಡಿಸಿ ಹೇಳಿದ: “ಎಂಬತ್ತು ಕಿಲೋ ಆಸಾಮಿ ಎರಡು ಮೀಟರ್ ಪೈಪಿನ ತುದೀಲಿ ನಿಂತ್ರೆ ಎಷ್ಟೋ, ಇದರೊಳಗೆ ಅಷ್ಟು.”

ಪಾಪ, ಅವನಿಗೇನು ಗೊತ್ತು. ಸುತ್ತ ನಿಂತಿದ್ದ ಡ್ರೈವರುಗಳೆಲ್ಲ ಅವಳ ಕಡೆ ತಿರುಗಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಪೈಪು ಹಿತ್ತಲು ಸೇರಿತು. ಅದರ ಮೇಲೆ ಒದ್ದೆ ಬಟ್ಟೆ ಒಣಗತೊಡಗಿತು. ಅವಳ ಮಂಡಿಯ ಊತ ಇಳಿಯಿತು. ತಟ್ಟೆಗೆ ಬೀಳುತ್ತಿದ್ದ ಇನ್ನೊಂದು ಸೌಟು ತಾನಾಗಿಯೇ ನಿಂತಿತು. ತೊಡುವ ಬಟ್ಟೆಗಳು ಸಡಿಲವಾದವು. ಹೀಗೇ ತೂಕ ಇಳಿಸಿ ಎಂದು ಆಸ್ಪತ್ರೆಯ ನರ್ಸು ಬೆನ್ನು ತಟ್ಟಿದಳು. ಅವಳು ತಲೆಯಾಡಿಸಿ ಬಂದಳು. ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಒಂದೇ: ಮನಸ್ಸಿನಲ್ಲಿಲ್ಲದ ಮಾತನ್ನು ಅಷ್ಟು ಸಲ ಯಾಕೆ ಆಡಿದೆ?

ಇವತ್ತು ಗೋಡೆಯಾಚೆಯ ಸದ್ದು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಗಡಗಡ ಎನ್ನುತ್ತಲೇ ಹೋಗಿ, ಕುಗ್ಗಿ, ಸತ್ತಿತು. ಸ್ವಲ್ಪ ಹೊತ್ತಿಗೆ ಗಂಡ ಬಾಗಿಲಿಗೆ ಬಂದ. ಒಂದು ನಟ್ಟು ಹಟ ಹಿಡಿದಿದೆ, ಬ್ಯಾಟರಿ ಮುಗಿಯಿತು, ಇನ್ನೊಂದು ಚಾರ್ಜಿಗೆ ಹಾಕಿದೆ, ಡ್ರೈವರನಿಗೆ ಅವಸರ.

“ಒಂದ್ನಿಮಿಷ ಬಾರೆ” ಎಂದ.

ಅವಳು ಕೈಯನ್ನೂ ತೊಳೆಯಲಿಲ್ಲ. ಒಣಗಿದ್ದ ಬಟ್ಟೆಗಳನ್ನು ಸರಸರನೆ ಎಳೆದು ಹಾಕಿ, ಪೈಪನ್ನು ತಾನೇ ಹೊತ್ತು ತಂದಳು. ಅವನು ಪಾನಕ್ಕೆ ಹೆಗಲು ಕೊಟ್ಟು ಕೂತ. ಅವಳು ಲಾರಿಯ ಮೈಮೇಲೆ ಕೈ ಊರಿ ಹತ್ತಿದಳು. ಬಿಸಿಲಿಗೆ ಕಾದ ತಗಡು, ಗ್ರೀಸಿನ ವಾಸನೆ, ಕೆಳಗೆ ಅವನ ನರೆತ ನೆತ್ತಿ. ಎಲ್ಲ ಮೊದಲಿನಂತೆಯೇ ಇತ್ತು. ನಟ್ಟು ಮಾತ್ರ ಮಿಸುಕಲಿಲ್ಲ. ಅವಳು ಇನ್ನಷ್ಟು ತುದಿಗೆ ಸರಿದಳು, ಮೈಯೆಲ್ಲ ಬಿಟ್ಟು ಒತ್ತಿದಳು. ಪೈಪು ಅವಳನ್ನು ಮೇಲೆ ಕೆಳಗೆ ಆಡಿಸಿತೇ ಹೊರತು ಅಂಗಾಲಿಗೆ ಏನೂ ತಿಳಿಯಲಿಲ್ಲ.

ಡ್ರೈವರು ಹಳಬ. “ಏನಕ್ಕ, ಲೋಡೆಲ್ಲ ಎಲ್ಲಿ ಇಳಿಸಿ ಬಂದ್ರಿ?” ಎಂದ.

ಅವಳು ನಗಲು ನೋಡಿದಳು. ಗಂಡ ಅವಳ ಮೊಣಕೈ ಹಿಡಿದು, ಸಾಕು, ಮತ್ತೆ ಮಂಡಿ ಹಿಡಿದೀತು ಎಂದು ಇಳಿಸಿದ. ಅಷ್ಟರಲ್ಲಿ ಚಾರ್ಜರಿನ ದೀಪ ಹಸಿರಾಗಿತ್ತು. ಚಾರ್ಜಾದ ಬ್ಯಾಟರಿ ಬಿದ್ದದ್ದೇ ತಡ, ಗನ್ನು ಗುಡುಗಿ ನಟ್ಟನ್ನು ಕೆಳಕ್ಕೆ ಉದುರಿಸಿತು. “ಬಂತು” ಎಂದ ಅವನು.

ಚಕ್ರ ಬದಲಾಗಿ ಲಾರಿ ಹೊರಟಿತು. ಅವನು ಗನ್ನನ್ನು ಬಟ್ಟೆಯಿಂದ ಒರೆಸುತ್ತಿದ್ದ. ಅವಳು ಹೋಗದೆ ನಿಂತೇ ಇದ್ದಳು.

“ಆವತ್ತು ನನ್ನ ಕೈಲಾಗಲ್ಲ ಅಂದಾಗ ನೀವ್ಯಾಕೆ ಸುಮ್ಮನಾದ್ರಿ?”

ಯಾವತ್ತು ಎಂದು ಅವನು ಕೇಳಲಿಲ್ಲ.

“ಎಷ್ಟು ಸಲ ಹೇಳಿದ್ದೆ ನೀನು. ಪ್ರತಿ ಸಲಾನೂ ತಮಾಷೆ ಮಾಡಿ ನಿನ್ನನ್ನೇ ಹತ್ತಿಸ್ತಿದ್ದೆ. ಒಂದ್ಸಲನಾದ್ರೂ ನಿನ್ನ ಮಾತು ಕೇಳೋಣ ಅನ್ನಿಸ್ತು ಕಣೆ.”

ಅವನ ತಪ್ಪು ಹುಡುಕಿಕೊಂಡು ಬಂದವಳಿಗೆ ಸಿಕ್ಕಿದ್ದು ತನ್ನದೇ ಮಾತು.

ಹೇಳಿಬಿಟ್ಟು ಅವನ ಮನಸ್ಸು ಹಗುರಾಯಿತು. ಇನ್ನೊಂದು ಬ್ಯಾಟರಿ ತರುತ್ತೇನೆ, ಇದಕ್ಕಿಂತ ದೊಡ್ಡದೇ ಸಿಗುತ್ತದಂತೆ, ಬೆಲೆ ಜಾಸ್ತಿಯಾದರೆ ಆಗಲಿ ಎನ್ನುತ್ತಾ ಹೋದ. “ಆಮೇಲೆ ನಿನ್ನ ಕರೆಯೋ ಪ್ರಮೇಯಾನೇ ಬರಲ್ಲ ನೋಡು. ನೀನು ಆರಾಮಾಗಿ…”

ಅವನು ತಲೆ ಎತ್ತುವಷ್ಟರಲ್ಲಿ ಅವಳು ಅಂಗಡಿಯ ಹೊಸಿಲು ದಾಟಿ, ಒರಗಿಸಿಟ್ಟ ಟೈರುಗಳನ್ನು ಬಳಸಿಕೊಂಡು, ಮನೆಯ ಬಾಗಿಲಿನತ್ತ ನಡೆದಿದ್ದಳು.